ಕಪ್ಪು ಘೇಂಡಾಮೃಗದ ಫೆರಿಟಿನ್ ಏರುತ್ತಿದ್ದರೆ ಮೊದಲು ಗೋದಲಿ ನೋಡಿ

ಕೊಲ್ಲಿ ದೇಶದ ಮೃಗಧಾಮದಲ್ಲಿ ನೀವು ನೋಡಿಕೊಳ್ಳುತ್ತಿರುವ ಕಪ್ಪು ಘೇಂಡಾಮೃಗಕ್ಕೆ ಒಂಬತ್ತು ವರ್ಷ. ಚೆನ್ನಾಗಿ ತಿನ್ನುತ್ತಾಳೆ, ಮೈ ತುಂಬಿಕೊಂಡಿದ್ದಾಳೆ, ಆದರೆ ಎರಡು ವರ್ಷಗಳಿಂದ ರಕ್ತದ ಫೆರಿಟಿನ್ (ಮೈಯಲ್ಲಿ ಕಬ್ಬಿಣವನ್ನು ಹಿಡಿದಿಡುವ ಪ್ರೋಟೀನ್) ಏರುತ್ತಲೇ ಇದೆ ಎಂದು ಬರೆದಿದ್ದೀರಿ. ಕಬ್ಬಿಣ ಇಳಿಸಲು ಆಗಾಗ ರಕ್ತ ತೆಗೆಯೋಣ ಎಂದು ವೈದ್ಯರು ಹೇಳುತ್ತಿದ್ದಾರೆ, ಮೇವಿನಲ್ಲೂ ಏನಾದರೂ ಬದಲಿಸಬೇಕೇ ಎಂದು ಕೇಳಿದ್ದೀರಿ. ಬದಲಿಸಬೇಕು. ರಕ್ತ ತೆಗೆಯಲು ಶುರು ಮಾಡುವ ಮೊದಲೇ ಬದಲಿಸಬೇಕು.

ಬಿಳಿ ಘೇಂಡಾಮೃಗ ದನದ ಹಾಗೆ ಹುಲ್ಲು ಮೇಯುತ್ತದೆ. ಕಪ್ಪು ಘೇಂಡಾಮೃಗ ಮೇಯುವುದು ಆಡಿನ ಹಾಗೆ: ಮೊನಚಾದ ಮೇಲ್ದುಟಿಯಿಂದ ಜಾಲಿಯ ರೆಂಬೆ, ಮುಳ್ಳು, ತೊಗಟೆ, ಚಿಗುರು ಎಲ್ಲವನ್ನೂ ಕಿತ್ತು ತಿನ್ನುತ್ತದೆ. ಆ ಸೊಪ್ಪಿನಲ್ಲಿ ಒಗರು ಹೆಚ್ಚು. ಒಗರು ಕೊಡುವ ಟ್ಯಾನಿನ್ ಕರುಳಿನಲ್ಲೇ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾವಿರಾರು ತಲೆಮಾರು ಅಂಥ ಮೇವಿನಲ್ಲಿ ಬದುಕಿದ ಪ್ರಾಣಿ ಸಿಕ್ಕಷ್ಟು ಕಬ್ಬಿಣವನ್ನು ಹೀರಿಕೊಳ್ಳುವಂತೆ ಒಗ್ಗಿದೆ. ನಾವು ಅದಕ್ಕೆ ಒಗರಿಲ್ಲದ, ಕಬ್ಬಿಣ ತುಂಬಿದ ಪೆಲೆಟ್ (ಗುಳಿಗೆ ಮೇವು) ಮತ್ತು ಲೂಸರ್ನ್ (ಕುದುರೆ ಮಸಾಲೆ ಸೊಪ್ಪು) ಹಾಕುತ್ತೇವೆ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ಮೈಯಲ್ಲಿ ಇಲ್ಲವೆಂದೇ ಹೇಳಬೇಕು. ಅದು ಪಿತ್ತಜನಕಾಂಗದಲ್ಲಿ, ಗುಲ್ಮದಲ್ಲಿ ವರ್ಷಗಟ್ಟಲೆ ಸೇರುತ್ತಾ ಹೋಗುತ್ತದೆ. ಹೊರಗೆ ಏನೂ ಕಾಣಿಸುವುದಿಲ್ಲ.

ಸುಮಾತ್ರಾ ಘೇಂಡಾಮೃಗದ್ದೂ ಇದೇ ಕಥೆ. 1990ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ ಇಪುಹ್ ಎಂಬ ಗಂಡು ಒಣಹುಲ್ಲು ತಿಂದು ಸೊರಗಿ ಸಾಯುವ ಸ್ಥಿತಿಗೆ ಬಂದಿತ್ತು. ಕ್ಯಾಲಿಫೋರ್ನಿಯಾದಿಂದ ವಿಮಾನದಲ್ಲಿ ಫೈಕಸ್ ಸೊಪ್ಪು ತರಿಸಿ ಹಾಕಿದ ಮೇಲೆ ಚೇತರಿಸಿಕೊಂಡಿತು. ಫೈಕಸ್ ಎಂದರೆ ನಮ್ಮ ಆಲ, ಅತ್ತಿ, ಅರಳಿಯ ಕುಲ. 2001ರಲ್ಲಿ ಇಪುಹ್ ಮತ್ತು ಎಮಿ ಎಂಬ ಹೆಣ್ಣಿಗೆ ಅಂದಾಲಸ್ ಎಂಬ ಮರಿ ಹುಟ್ಟಿತು. ಅಷ್ಟು ಜತನ ಮಾಡಿದರೂ 2009ರಲ್ಲಿ ಎಮಿ, 2014ರಲ್ಲಿ ಅದರ ಮಗಳು ಸುಚಿ ಕಬ್ಬಿಣ ಸೇರಿಕೊಳ್ಳುವ ಈ ಕಾಯಿಲೆಯಿಂದಲೇ ಸತ್ತವು. ಸೊಪ್ಪು ಹಾಕಿದ ಮಾತ್ರಕ್ಕೆ ಮುಗಿಯಿತು ಎಂದು ಕೈಚೆಲ್ಲಬಾರದು ಎಂಬುದಕ್ಕೆ ಇದನ್ನು ಹೇಳುತ್ತಿದ್ದೇನೆ.

ಈಗ ಲೆಕ್ಕಕ್ಕೆ ಬರೋಣ. 1,000 ಕಿಲೋ ತೂಗುವ ಪ್ರಾಣಿ ದಿನಕ್ಕೆ ಒಣ ತೂಕದಲ್ಲಿ ಸುಮಾರು 15 ಕಿಲೋ ಮೇವು ತಿನ್ನುತ್ತದೆ ಎಂದುಕೊಳ್ಳಿ. ಮೇವಿನ ಪ್ರತಿ ಕಿಲೋದಲ್ಲಿ 300 ಮಿಲಿಗ್ರಾಂ ಕಬ್ಬಿಣವಿದ್ದರೆ ದಿನಕ್ಕೆ 4.5 ಗ್ರಾಂ ಹೊಟ್ಟೆಗೆ ಹೋಗುತ್ತದೆ. ನೂರರಲ್ಲಿ ಎರಡು ಪಾಲು ಮಾತ್ರ ಮೈಗೆ ಹತ್ತಿತು ಎಂದು ಹಿಡಿದರೂ ತಿಂಗಳಿಗೆ 2.7 ಗ್ರಾಂ. ಒಂದು ಲೀಟರ್ ರಕ್ತ ತೆಗೆದರೆ ಹೊರಗೆ ಬರುವುದು ಸುಮಾರು ಅರ್ಧ ಗ್ರಾಂ ಕಬ್ಬಿಣ. ಅಂದರೆ ತಿಂಗಳಿಗೆ ಐದಾರು ಲೀಟರ್ ತೆಗೆದರೂ ನೀವು ಇದ್ದಲ್ಲೇ ಇರುತ್ತೀರಿ. ಅದೇ ಮೇವನ್ನು 100 ಮಿಲಿಗ್ರಾಂಗೆ ಇಳಿಸಿದರೆ ಎರಡು ಲೀಟರ್ ಸಾಕು, ಅದಕ್ಕಿಂತ ಹೆಚ್ಚು ತೆಗೆದದ್ದೆಲ್ಲ ಹಳೆಯ ದಾಸ್ತಾನಿನಿಂದ ಕಡಿಮೆಯಾಗುತ್ತದೆ. ಕುದುರೆಗೆ ಬೇಕಾಗುವುದು ಕಿಲೋಗೆ 40-50 ಮಿಲಿಗ್ರಾಂ ಮಾತ್ರ. ಆದ್ದರಿಂದ ಕಬ್ಬಿಣ ಕಡಿಮೆಯಾದೀತೆಂಬ ಭಯ ಬೇಡ.

ಹಾಗಾಗಿ ಅವಳ ಬಾಯಿಗೆ ಹೋಗುವ ಪ್ರತಿಯೊಂದನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ: ಪೆಲೆಟ್, ಒಣಮೇವು, ಸೊಪ್ಪು, ಕುಡಿಯುವ ನೀರು. ಚೀಲದ ಮೇಲಿನ ಚೀಟಿಯನ್ನು ನಂಬಬೇಡಿ, ಅದರಲ್ಲಿ ಬೆರೆಸಿದ ಕಬ್ಬಿಣವನ್ನಷ್ಟೇ ಬರೆದಿರಬಹುದು, ಕಚ್ಚಾವಸ್ತುವಿನಲ್ಲೇ ಇರುವುದನ್ನು ಬರೆದಿರುವುದಿಲ್ಲ. ಖನಿಜಕ್ಕೆಂದು ಬೆರೆಸುವ ಮೇವಿನ ದರ್ಜೆಯ ಡೈಕ್ಯಾಲ್ಸಿಯಂ ಫಾಸ್ಫೇಟ್ ಜೊತೆಗೂ ಕಬ್ಬಿಣ ನುಸುಳಿ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಕಳ್ಳ ಮಣ್ಣು. ಮಣ್ಣಿನಲ್ಲಿ ನೂರಕ್ಕೆ ಎರಡರಿಂದ ಐದು ಪಾಲು ಕಬ್ಬಿಣವಿರುವುದು ಸಾಮಾನ್ಯ. ಒಣಮೇವಿನಲ್ಲಿ ನೂರಕ್ಕೆ ಒಂದು ಪಾಲು ಧೂಳಿದ್ದರೆ ಕಿಲೋಗೆ 200ರಿಂದ 500 ಮಿಲಿಗ್ರಾಂ ಕಬ್ಬಿಣ ಸೇರಿಕೊಂಡಂತೆಯೇ. ಮೇವನ್ನು ಕೊಡವಿ ಹಾಕಿ, ನೆಲಕ್ಕೆ ಸುರಿಯದೆ ಎತ್ತರದ ಗೋದಲಿಯಲ್ಲಿ ಕೊಡಿ. ತುಕ್ಕು ಹಿಡಿದ ತೊಟ್ಟಿಯನ್ನು ತೆಗೆಸಿ. ನೆಕ್ಕಲು ಇಟ್ಟಿರುವ ಕೆಂಪು ಖನಿಜ ಇಟ್ಟಿಗೆಯ ಬಣ್ಣವೇ ಕಬ್ಬಿಣದ್ದು. ಬದಲಿಗೆ ಬಿಳಿ ಉಪ್ಪಿನ ಗಟ್ಟಿ ಇಡಿ.

ಕಿತ್ತಳೆ, ಮೂಸಂಬಿ ನಿಲ್ಲಿಸಿ. ಸಿ ಜೀವಸತ್ವ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಇದನ್ನು ಬರೆಯುವಾಗ ನನ್ನ ಮನಸ್ಸು ಭಾರವಾಗುತ್ತದೆ. ಹಿಂದೆ ನಾನು ದುಡಿಯುತ್ತಿದ್ದ ಒಂದು ಕಡೆ ಒಂದು ಮುದಿ ಘೇಂಡಾಮೃಗಕ್ಕೆ ನನ್ನ ಕೈಯಾರೆ ದಿನವೂ ಕಿತ್ತಳೆ ತಿನ್ನಿಸುತ್ತಿದ್ದೆ, ನನ್ನ ಹೆಜ್ಜೆ ಸಪ್ಪಳಕ್ಕೇ ಆ ಮುದುಕಿ ಕಂಬಿಯ ಬಳಿ ಬಂದು ನಿಲ್ಲುತ್ತಿದ್ದಳು. ಪ್ರೀತಿಯಿಂದಲೇ ಕೊಟ್ಟೆ, ಯಾರೂ ಬೇಡವೆನ್ನಲಿಲ್ಲ.

ಸೊಪ್ಪು ಪ್ರತಿದಿನ ಇರಲಿ, ಹಬ್ಬದೂಟದ ಹಾಗೆ ವಾರಕ್ಕೊಮ್ಮೆ ಬೇಡ. ನಿಮ್ಮಲ್ಲಿ ಜಾಲಿಯ ಜಾತಿಗಳು ಸಿಗುತ್ತವೆ. ಉದ್ಯಾನದವರು ಸವರಿದ ಕೊಂಬೆಗಳನ್ನು ತರುವುದಾದರೆ ಒಂದೊಂದನ್ನೂ ನೋಡಿಯೇ ಹಾಕಿ. ಆ ಕಡೆಯ ರಸ್ತೆಬದಿಗಳಲ್ಲಿ ಕಣಗಿಲೆ ನೆಟ್ಟಿರುತ್ತಾರೆ, ಅದು ಕಡುವಿಷ. ಕೀಟನಾಶಕ ಹೊಡೆದಿದ್ದಾರೆಯೇ ಎಂದೂ ಕೇಳಿ. ಮೇವಿನ ಬದಲಾವಣೆಯನ್ನು ಮೂರು ನಾಲ್ಕು ವಾರಗಳಲ್ಲಿ ನಿಧಾನವಾಗಿ ಮಾಡಿ. ಕುದುರೆಯ ಹಾಗೆ ಇದಕ್ಕೂ ಮೇವು ಹುದುಗುವುದು ದೊಡ್ಡ ಕರುಳಿನಲ್ಲಿ, ಅವಸರ ಮಾಡಿದರೆ ಹೊಟ್ಟೆಶೂಲೆ ಬರುತ್ತದೆ. ಒಣಮೇವು ಹಳತಾದಷ್ಟೂ ಇ ಜೀವಸತ್ವ ಕಳೆದುಕೊಳ್ಳುವುದರಿಂದ ಆ ಜೀವಸತ್ವವನ್ನು ಬೇರೆಯಾಗಿ ಕೊಡುವ ಬಗ್ಗೆ ವೈದ್ಯರನ್ನು ಕೇಳಿ.

ಫೆರಿಟಿನ್ ಬಗ್ಗೆ ಒಂದು ಮಾತು. ಕಾಲಿನ ಹುಣ್ಣು, ಉರಿಯೂತ ಇದ್ದರೂ ಅದು ಏರುತ್ತದೆ, ಪ್ರಯೋಗಾಲಯ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಒಂದೇ ಕಡೆ ಮಾಡಿಸಿ, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ಪಾಲು ತುಂಬಿದೆ ಎಂಬ ಅಳತೆ) ಜೊತೆಗಿಟ್ಟು ನೋಡಿ. ರಕ್ತದ ರಂಜಕವನ್ನೂ ಪ್ರತಿ ಸಲ ಅಳೆಸಿ. ಕಪ್ಪು ಘೇಂಡಾಮೃಗಗಳಲ್ಲಿ ರಂಜಕ ಕುಸಿದಾಗ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ. ಒಸಡು ಬಿಳಚಿಕೊಂಡರೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಬೆಳಗಾಗುವ ತನಕ ಕಾಯಬೇಡಿ. ಆಗ ರಕ್ತಹೀನತೆ ಎಂದು ಯಾರಾದರೂ ಕಬ್ಬಿಣದ ಟಾನಿಕ್ ಅಥವಾ ಇಂಜೆಕ್ಷನ್ ತಂದರೆ ದಯವಿಟ್ಟು ಅಡ್ಡ ನಿಲ್ಲಿ.

ರಕ್ತ ತೆಗೆಯುವ ವೈದ್ಯರ ಯೋಚನೆ ಸರಿಯಾದದ್ದೇ. ಆದರೆ ಪ್ರತಿ ಸಲ ಅರಿವಳಿಕೆ ಕೊಟ್ಟು ಮಾಡುವ ಕೆಲಸ ಅಲ್ಲ ಅದು. ಮುಂಗಾಲನ್ನು ಮುಟ್ಟಿಸಿಕೊಂಡು ಅವಳಾಗಿಯೇ ನಿಲ್ಲುವಂತೆ ಇಂದಿನಿಂದಲೇ ಅಭ್ಯಾಸ ಶುರು ಮಾಡಿ, ತಿಂಗಳುಗಳೇ ಬೇಕಾಗಬಹುದು. ಬಹುಮಾನಕ್ಕೆ ಸೇಬಿನ ಸಣ್ಣ ಚೂರು ಸಾಕು.

ಮೇವಿನ, ನೀರಿನ ವರದಿಗಳು ಬಂದ ದಿನ ಅವಳ ತೂಕದ ಸಮೇತ ಇಲ್ಲೇ ಹಾಕಿ. ಯಾವುದನ್ನು ಎಷ್ಟು ಕಿಲೋ ಇಳಿಸಬೇಕೆಂದು ಕುಳಿತು ಲೆಕ್ಕ ಹಾಕೋಣ.