ಡ್ರಾಯರಿನಲ್ಲಿ ಉಳಿದ ಚೀಟಿಗಳು

ಶಿವಮೊಗ್ಗದಲ್ಲಿ ಅಡಿಕೆ ಮಂಡಿ ನಡೆಸುವ ಒಬ್ಬ ಮಹಿಳೆ ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಬಂದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು ಐವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ವ್ಯವಹಾರವೆಲ್ಲ ಇವರ ಹೆಗಲಿಗೆ ಬಿದ್ದಿದೆ. ಎರಡು ಸೀಸನ್‌ನಲ್ಲಿ ಮೂವರು ಗುಮಾಸ್ತರು ಬಿಟ್ಟು ಹೋಗಿದ್ದರು.

"ಈಗಿನ ಹುಡುಗರಿಗೆ ಸಂಬಳ ಬೇಕು ಮೇಡಂ, ಕೆಲಸ ಬೇಡ" ಅಂತಲೇ ಮಾತು ಶುರು ಮಾಡಿದರು. ಎರಡನೇ ಸಲ ಬಂದಾಗ ನೋವು ಹೊರಬಿತ್ತು. ಕೊನೆಯ ಹುಡುಗ ಬಿಟ್ಟ ಮರುದಿನ ಅವನ ಮೇಜಿನ ಡ್ರಾಯರ್ ಎಳೆದಿದ್ದಾರೆ. ಒಳಗೆ ತೂಕದ ಚೀಟಿಗಳು. ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ. ಕೆಲವಕ್ಕೆ ಮೂರು ವಾರ ಆಗಿತ್ತು. ಒಂದನ್ನೂ ಲೆಕ್ಕಕ್ಕೆ ಹತ್ತಿಸಿರಲಿಲ್ಲ.

"ಹರಿದು ಹಾಕಿಲ್ಲ ಮೇಡಂ, ಜೋಪಾನವಾಗಿ ಇಟ್ಟಿದ್ದಾನೆ. ನನ್ನ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು?" ಅಂತ ಅತ್ತರು.

ಕೆಲಸಕ್ಕೆ ತಗೊಳ್ಳುವಾಗ ಏನು ಕೇಳಿದ್ರಿ ಅಂದೆ. "ಸೀಸನ್‌ನಲ್ಲಿ ಕೆಲಸ ಜಾಸ್ತಿ, ನಿಭಾಯಿಸ್ತೀಯಾ ಅಂದೆ. ಹೂಂ ಅಕ್ಕಾ ಅಂದ."

ಮನೆಗೆ ಸಂಬಳ ಬೇಕಾದ ಹುಡುಗ ಹೂಂ ಅನ್ನದೆ ಇನ್ನೇನು ಅಂದಾನು, ಅಲ್ವಾ? ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಕೆಲಸ ಕೈ ಮೀರಿದಾಗ ಬಂದು ಹೇಳುವವನೋ, ಡ್ರಾಯರಿಗೆ ಹಾಕುವವನೋ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಮುಂದಿನ ಸಲ ಕೇಳಬೇಡಿ, ಕೆಲಸವನ್ನೇ ಮುಂದೆ ಇಟ್ಟು ನೋಡಿ ಅಂದೆ. ಇಬ್ಬರೂ ಕೂತು ಅವರ ಮಂಡಿಯ ಒಂದು ಬೆಳಗ್ಗೆಯನ್ನು ಎಂಟು ಚೀಟಿಗಳಲ್ಲಿ ಬರೆದೆವು. ಲಾರಿ ಲೋಡ್ ಆಗಿ ನಿಂತಿದೆ, ಸರಕು ಸಾಗಿಸೋಕೆ ಬೇಕಾದ ಇ-ವೇ ಬಿಲ್ ಆಗಿಲ್ಲ. ರೈತರೊಬ್ಬರು ದುಡ್ಡಿಗೆ ಕಾಯುತ್ತಿದ್ದಾರೆ, ತೀರ್ಥಹಳ್ಳಿ ಬಸ್ಸು ಹಿಡಿಯಬೇಕು. ಹಮಾಲರ ಕೂಲಿ ಲೆಕ್ಕ ಬಾಕಿ. ಒಂದು ಮೂಟೆಯ ತೂಕದಲ್ಲಿ ಎರಡು ಕೆಜಿ ವ್ಯತ್ಯಾಸ. ಇವತ್ತು ತಾರೀಖು 20, ತಿಂಗಳ ತೆರಿಗೆ ಲೆಕ್ಕದ ಜಿಎಸ್‌ಟಿ 3ಬಿ ರಿಟರ್ನ್ ತುಂಬಲು ಕಡೇ ದಿನ. ಹಳೇ ಫೈಲು ಜೋಡಿಸುವಂಥ ಕಾಯಬಹುದಾದ ಕೆಲಸವೂ ಇರಲಿ ಅಂದೆ.

ಕೆಲಸ ಕೇಳಿ ಬಂದವರಿಗೆ ಈ ಚೀಟಿಗಳನ್ನು ಕೊಟ್ಟು ಅರ್ಧ ಗಂಟೆ ಬಿಡಿ. ಯಾವುದು ಮೊದಲು, ಯಾಕೆ, ಯಾವುದನ್ನು ನಾಳೆಗೆ ಬಿಡ್ತಾರೆ, ಯಾರನ್ನು ಕೇಳ್ತಾರೆ ಅಂತ ಬರೆಸಿ. ಹದಿನೈದು ನಿಮಿಷಕ್ಕೆ ಒಂಬತ್ತನೇ ಚೀಟಿ ಇಡಿ: ಖರೀದಿದಾರರು ಕೂಗಿದ ಟೆಂಡರ್ ದರ ಬಂದಿದೆ, ಒಪ್ಪಿಗೆಯಾ ಅಂತ ರೈತರನ್ನು ಈಗಲೇ ಕೇಳಬೇಕು. ಆಗ ಅವರು ಜೋಡಿಸಿದ್ದನ್ನು ಬದಲಿಸ್ತಾರಾ ನೋಡಿ. ಲಾರಿ ಮೊದಲೋ ರೈತ ಮೊದಲೋ ಅನ್ನುವುದಕ್ಕೆ ಒಂದೇ ಸರಿ ಉತ್ತರ ಇಲ್ಲ. ಕೊಡುವ ಕಾರಣಕ್ಕೆ ಅಂಕ ಹಾಕಿ.

ಆಮೇಲೆ ಒಂದೇ ಪ್ರಶ್ನೆ: "ಎರಡು ಕೆಲಸ ಒಟ್ಟಿಗೆ ಬಂದು ಒಂದನ್ನು ಬಿಡಬೇಕಾದ ದಿನ ನೆನಪಿದೆಯಾ? ಯಾರಿಗೆ ಹೇಳಿದ್ರಿ?" ಹೊಸಬರಾದರೆ ಮನೆಯದ್ದೋ ತೋಟದ್ದೋ ಹೇಳಲಿ. ಎಲ್ಲರಿಗೂ ಅದೇ ಚೀಟಿ, ಅದೇ ಪ್ರಶ್ನೆ. ಬಂಧುಗಳ ಮಗ ಅಂತ ಸುಮ್ನೆ ಬಿಡಬೇಡಿ. ಇದು ನನ್ನ ಊಹೆಯಲ್ಲ. 1998ರಲ್ಲಿ ಷ್ಮಿಟ್ ಮತ್ತು ಹಂಟರ್ ಅನ್ನುವ ಮನಶ್ಶಾಸ್ತ್ರಜ್ಞರು ಕೆಲಸಕ್ಕೆ ಆರಿಸುವ ವಿಧಾನಗಳ ಬಗ್ಗೆ ನಡೆದ 85 ವರ್ಷಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಕೆಲಸದ ತುಣುಕು ಕೊಟ್ಟು ನೋಡುವುದು, ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವುದು ಎರಡೂ ಯಾರು ಚೆನ್ನಾಗಿ ಕೆಲಸ ಮಾಡ್ತಾರೆ ಅಂತ ಮುಂಚೆಯೇ ಹೇಳುವುದರಲ್ಲಿ ಬಾಯಿಗೆ ಬಂದದ್ದು ಕೇಳುವ ಸಂದರ್ಶನಕ್ಕಿಂತ ಮುಂದಿದ್ದವು.

ಇನ್ನೊಂದು ಮಾತು ಹೇಳಲೇಬೇಕಿತ್ತು. ಆ ಎಂಟು ಚೀಟಿಯನ್ನು ನೀವೇ ಅರ್ಧ ದಿನದಲ್ಲಿ ಮುಗಿಸಬಲ್ಲಿರಾ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. "ಕೊಯ್ಲು ಟೈಮಲ್ಲಿ ಇದು ಇಬ್ಬರ ಕೆಲಸ" ಅಂದರು. ಹಾಗಿದ್ದರೆ ಯಾವ ಪರೀಕ್ಷೆ ಮಾಡಿ ಆರಿಸಿದರೂ ಮತ್ತೆ ಡ್ರಾಯರ್ ತುಂಬುತ್ತದೆ. ಸೀಸನ್‌ಗೆ ಇನ್ನೊಬ್ಬರನ್ನು ಹಾಕಿಕೊಳ್ಳುವ ಬಗ್ಗೆ ಇನ್ನೂ ಮನಸ್ಸು ಮಾಡಿಲ್ಲ. ನಾನು ಬಿಟ್ಟಿಲ್ಲ, ಬಂದಾಗಲೆಲ್ಲ ಕೇಳುತ್ತೇನೆ.

ಮೂವರಿಗೆ ಚೀಟಿ ಕೊಟ್ಟರಂತೆ. ಒಬ್ಬ ಒಂಬತ್ತನ್ನೂ ಚಕಚಕ ಜೋಡಿಸಿದ, ಕಾರಣ ಬರೆದಿರಲಿಲ್ಲ. ಒಬ್ಬ ಹುಡುಗಿ ಆರು ಚೀಟಿಗೆ ನಿಂತಳು. ತೂಕದ ವ್ಯತ್ಯಾಸದ ಚೀಟಿಯ ಪಕ್ಕದಲ್ಲಿ "ಇದು ನಾನು ತೀರ್ಮಾನ ಮಾಡುವುದಲ್ಲ, ಅಕ್ಕನನ್ನು ಕೇಳಬೇಕು" ಅಂತ ಬರೆದಿದ್ದಳು. ಅವಳನ್ನೇ ತಗೊಂಡರು.

ಹೋದ ತಿಂಗಳು ಬಂದಾಗ ಹೇಳಿದರು. "ಮೊನ್ನೆ ಮಧ್ಯಾಹ್ನ ಬಂದು, 'ಅಕ್ಕಾ, ಇವತ್ತು ಎರಡು ಮುಗಿಯಲ್ಲ, ಯಾವುದು ಬಿಡ್ಲಿ' ಅಂದ್ಲು. ಸಿಟ್ಟು ಬಂತು ಮೇಡಂ. ಬಾಯಿ ಬಿಡೋಕೆ ಹೋದವಳು ತಡೆದುಕೊಂಡೆ. ಕುರ್ಚಿ ಎಳೆದು ಅವಳ ಪಕ್ಕ ಕೂತೆ."