ಕನ್ನಡದಲ್ಲಿ ಚರ್ಮದ ಆರೈಕೆ ಹೇಳಿಕೊಡುವ ರೀಲ್ಸ್‌ಗಳನ್ನು ನಂಬಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಇಂಗ್ಲಿಷ್ ವಿಡಿಯೊಗಳು ತಲೆಗೆ ಹತ್ತುವುದಿಲ್ಲ. ಕನ್ನಡದಲ್ಲಿ ಹೇಳುವ ಒಬ್ಬರ ಮಾತು ಕೇಳಿ ಕ್ರೀಮ್ ತಂದು ಹತ್ತು ದಿನದಿಂದ ಮುಖಕ್ಕೆ ಹಚ್ಚುತ್ತಿದ್ದೀರಿ. ಮೊಡವೆ ಇಳಿದು ಮುಖ ಹೊಳೆಯುತ್ತಿದೆ, ಆದರೂ ಒಳಗೊಳಗೇ ಅಳುಕು. ನನಗೆ ಆ ಅಳುಕು ಹುಟ್ಟಲೇ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಮಡಿಕೇರಿಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಊರು ಭಾಗಮಂಡಲದ ಕಡೆ. ಮನೆಯಲ್ಲಿ ನಮ್ಮ ಕಡೆಯ ಆಡುನುಡಿಯಾದ ಅರೆಭಾಷೆ, ಕಾಲೇಜಿನಲ್ಲಿ ಕನ್ನಡ, ಪರೀಕ್ಷೆ ಇಂಗ್ಲಿಷಿನಲ್ಲಿ. ಹಾಸ್ಟೆಲಿನ ನನ್ನ ಕೋಣೆಯಲ್ಲಿ ಇನ್ನಿಬ್ಬರಿದ್ದಾರೆ. ಒಬ್ಬ ಅವನ ಅಮ್ಮನ ಜೊತೆ ಫೋನಿನಲ್ಲಿ ಕೊಡವ ತಕ್ಕ್ ಮಾತನಾಡುತ್ತಾನೆ, ಇನ್ನೊಬ್ಬ ಮಲಯಾಳ. ಮೂವರೂ ಒಬ್ಬರನ್ನೊಬ್ಬರು ಬಯ್ಯುವುದು ಮಾತ್ರ ಕನ್ನಡದಲ್ಲಿ.

ಕೊಡಗಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಮನೆಯಲ್ಲಾದರೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟುತ್ತೇವೆ. ಹೊಗೆಯ ವಾಸನೆ ಹಿಡಿದರೂ ಬಟ್ಟೆ ಬೆಚ್ಚಗೆ ಕೈಗೆ ಸಿಗುತ್ತದೆ. ಹಾಸ್ಟೆಲಿನಲ್ಲಿ ಒಲೆ ಎಲ್ಲಿಂದ ತರುವುದು? ಫ್ಯಾನಿನ ಕೆಳಗೆ ನೇತುಹಾಕಿದ ಜೀನ್ಸ್ ಮೂರು ದಿನವಾದರೂ ಸೊಂಟದ ಪಟ್ಟಿಯಲ್ಲಿ, ಹೊಲಿಗೆಯ ದಪ್ಪದಲ್ಲಿ ತಣ್ಣಗೇ ಇರುತ್ತದೆ. ಅದನ್ನೇ ತೊಟ್ಟು ತರಗತಿಗೆ ಹೋಗುತ್ತಿದ್ದೆ. ಎರಡನೇ ವರ್ಷದ ಜುಲೈ ತಿಂಗಳಿನಲ್ಲಿ ತೊಡೆಯ ಸಂದಿಯಲ್ಲಿ ತುರಿಕೆ ಶುರುವಾಯಿತು. ಬಳೆಯ ಹಾಗೆ ದುಂಡಗೆ, ಅಂಚು ಕೆಂಪಗೆ ಉಬ್ಬಿ, ನಡುವೆ ಮಾತ್ರ ಚರ್ಮ ಏನೂ ಆಗದಂತೆ ಸಪ್ಪೆಯಾಗಿತ್ತು.

ಇದನ್ನು ಯಾರಿಗೆ ಹೇಳುವುದು? ನಮ್ಮಲ್ಲಿ ‘ಕಜ್ಜಿ’ ಎಂಬ ಮಾತು ಬಾಯಿಂದ ಬಿದ್ದರೆ ಪಕ್ಕದಲ್ಲಿ ಕುಳಿತವನು ಅರ್ಧ ಅಡಿ ಸರಿಯುತ್ತಾನೆ. ‘ಅಲರ್ಜಿ’ ಹಾಗಲ್ಲ, ಅದು ಮರ್ಯಾದಸ್ಥರ ಕಾಯಿಲೆ. ಅಮ್ಮನಿಗೆ ಅಲರ್ಜಿ ಎಂದೆ. ಗೆಳೆಯರಿಗೆ ಏನೂ ಹೇಳಲಿಲ್ಲ. ಅಜ್ಜಿಗೆ ಅರ್ಧ ಗೊತ್ತಾಗಿ, ಆಟಿ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಕುಡಿದರೆ ಎಲ್ಲ ಹೋಗುತ್ತದೆ ಎಂದರು. ಆಗಸ್ಟ್ 3ರ ಹೊತ್ತಿಗೆ ಬರುವ ಆ ದಿನ ಇಡೀ ಕೊಡಗಿನವರ ವಾಟ್ಸಾಪ್ ಸ್ಟೇಟಸ್ಸುಗಳು ನೇರಳೆ ಬಣ್ಣದ ಪಾಯಸದಿಂದ ತುಂಬಿರುತ್ತವೆ. ನಾನು ಎರಡು ಬಟ್ಟಲು ಕುಡಿದೆ. ಪ್ರತಿ ವರ್ಷದಂತೆ ಮೂತ್ರ ಕೆಂಪಾಯಿತು, ತುರಿಕೆ ಇದ್ದಲ್ಲೇ ಇತ್ತು. ಕೊನೆಗೆ ನಾಚಿಕೆಯಿಲ್ಲದೆ ಹೇಳಿಕೊಂಡದ್ದು ಮೊಬೈಲಿನ ಹತ್ತಿರ. ‘ತೊಡೆ ಸಂದಿ ತುರಿಕೆ’ ಎಂದು ಕನ್ನಡದಲ್ಲೇ ಟೈಪ್ ಮಾಡಿದೆ.

ಆಮೇಲೆ ಕೇಳಬೇಕೆ, ಬೆರಳು ಸರಿಸಿದಲ್ಲೆಲ್ಲ ತುರಿಕೆಯ ವಿಡಿಯೊಗಳೇ. ಅವುಗಳಲ್ಲಿ ಒಂದು ನನ್ನನ್ನು ಹಿಡಿದು ನಿಲ್ಲಿಸಿತು. ಬಾಳೆಗಿಡಗಳ ಮುಂದೆ ನಿಂತ ಒಬ್ಬಾತ ಎರಡನೇ ವಾಕ್ಯದಲ್ಲೇ ‘ಉಟ್ಟು’ ಎಂದ. ನೀವು ‘ಇದೆ’ ಎನ್ನುವುದಕ್ಕೆ ಅರೆಭಾಷೆಯಲ್ಲಿ ‘ಉಟ್ಟು’ ಎನ್ನುತ್ತೇವೆ. ಅಷ್ಟೇ ಸಾಕಾಯಿತು. ಅರೆಭಾಷೆಗೆಂದೇ ಸರ್ಕಾರದ ಅಕಾಡೆಮಿ ಮಡಿಕೇರಿಯಲ್ಲಿದೆ, ಪುಸ್ತಕಗಳು ಬರುತ್ತವೆ. ಆದರೂ ಮೊಬೈಲಿನ ಪರದೆಯಿಂದ ಆ ಭಾಷೆ ಕೇಳಿಬಂದರೆ ನಮ್ಮಂಥವರಿಗೆ ಸೋದರಮಾವನೇ ಮನೆಗೆ ಬಂದ ಹಾಗೆ. ಕೊಡವ ತಕ್ಕಿನ ಗೆಳೆಯನದ್ದೂ ಇದೇ ಕತೆ. 2011ರ ಜನಗಣತಿಯಲ್ಲಿ ಆ ಭಾಷೆಯನ್ನು ತಮ್ಮದೆಂದು ಹೇಳಿದವರು ಸುಮಾರು 1.14 ಲಕ್ಷ ಮಂದಿ. ಅಷ್ಟು ಚಿಕ್ಕ ಬಳಗದಲ್ಲಿ ಒಂದು ವಿಡಿಯೊ ಬಂದರೆ ಸಂಜೆಯೊಳಗೆ ಎಲ್ಲ ಕುಟುಂಬದ ಗುಂಪುಗಳಲ್ಲೂ ಅದೇ ಓಡಾಡುತ್ತದೆ. ‘ಇದು ತಪ್ಪು’ ಎಂದು ಅದೇ ಭಾಷೆಯಲ್ಲಿ ಹೇಳುವ ಇನ್ನೊಂದು ವಿಡಿಯೊ ಇರುವುದಿಲ್ಲ.

ಆತ ತೋರಿಸಿದ ಟ್ಯೂಬನ್ನು ಅಂಗಡಿಯಲ್ಲಿ ಕೇಳಿದೆ. ಚೀಟಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಎರಡನೇ ರಾತ್ರಿಗೇ ತುರಿಕೆ ನಿಂತಿತು, ನಾಲ್ಕನೇ ದಿನ ಕೆಂಪು ಮಾಯ. ಐದನೇ ದಿನ ಹಚ್ಚುವುದನ್ನು ಬಿಟ್ಟೆ. ಎರಡು ವಾರದಲ್ಲಿ ಮೊದಲಿಗಿಂತ ದೊಡ್ಡದಾಗಿ ಬಂತು. ಮತ್ತೆ ಹಚ್ಚಿದೆ, ಮತ್ತೆ ಹೋಯಿತು, ಮತ್ತೆ ಬಂತು. ದೀಪಾವಳಿಯ ಹೊತ್ತಿಗೆ ಅದು ಸೊಂಟಕ್ಕೆ ಏರಿತ್ತು. ಹಚ್ಚಿದ ಜಾಗದ ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಾಗಿ ಕೆನ್ನೀಲಿ ಗೆರೆಗಳು ಬಿದ್ದಿದ್ದವು. ಆ ಗೆರೆಗಳು ಇವತ್ತಿಗೂ ಇವೆ.

ಆಗ ಆಸ್ಪತ್ರೆಗೆ ಹೋದೆ. ವೈದ್ಯೆ ವಿಜಯಪುರ ಕಡೆಯವರು. ಅವರಿಗೂ ಮೊದಲು ಅಲರ್ಜಿ ಎಂದೇ ಹೇಳಿದೆ. ಅವರು ನೋಡಿ, “ಏನು ಹಚ್ಚಿದ್ದೀರಿ?” ಎಂದರು. ಟ್ಯೂಬನ್ನು ನಾಚಿಕೆಯಿಂದ ಆವತ್ತು ಬೆಳಿಗ್ಗೆಯಷ್ಟೇ ಎಸೆದಿದ್ದೆ. ಹೆಸರು ಬಾಯಿಗೆ ಬರಲಿಲ್ಲ, ಬಿಳಿ ಮತ್ತು ಕೆಂಪು ಬಣ್ಣದ್ದು ಎಂದೆ. ಅವರು ನಿಟ್ಟುಸಿರಿಟ್ಟು, ಆ ವಿಡಿಯೊವನ್ನೇ ತೋರಿಸಿ ಎಂದರು. ತೋರಿಸಿದೆ. ಆತ ಮಾತನಾಡುತ್ತಿರುವಾಗ ಅವರು ವಿಡಿಯೊ ನಿಲ್ಲಿಸಿ, ಎರಡು ಬೆರಳಿನಲ್ಲಿ ಪರದೆಯನ್ನು ಹಿಗ್ಗಿಸಿ ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿದರು. “ಕ್ಲೋಬೆಟಾಸೋಲ್. ಇಲ್ಲೇ ಬರೆದಿದೆಯಲ್ಲ.” ಆಮೇಲೆ ಕೇಳಿದರು, “ಇವನು ಮಾತನಾಡುತ್ತಿರುವುದು ಯಾವ ಭಾಷೆ? ನನಗೆ ಒಂದಕ್ಷರ ತಿಳಿಯಲಿಲ್ಲ.”

ತಿಳಿಯದೆ ಇದ್ದುದಕ್ಕೇ ಅವರ ಕಣ್ಣು ನೇರ ಟ್ಯೂಬಿಗೆ ಹೋಯಿತು. ನಾನು ಆ ವಿಡಿಯೊವನ್ನು ಹತ್ತು ಸಲ ನೋಡಿರಬೇಕು. ಪ್ರತಿ ಸಲವೂ ಆತನ ಬಾಯಿಯನ್ನೇ ನೋಡಿದ್ದೆ.

ನನ್ನದು ಹುಳುಕಡ್ಡಿ. ಇಂಗ್ಲಿಷಿನಲ್ಲಿ ರಿಂಗ್‌ವರ್ಮ್. ಹುಳ ಎಂದು ಎರಡು ಭಾಷೆಗಳೂ ಸುಳ್ಳು ಹೇಳುತ್ತವೆ. ಅಲ್ಲಿರುವುದು ಶಿಲೀಂಧ್ರ, ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಬೂಷ್ಟು ಬರುತ್ತದಲ್ಲ, ಅದರ ದೂರದ ನೆಂಟ. ಒದ್ದೆ ಮತ್ತು ಬೆಚ್ಚಗಿನ ಜಾಗ ಅದಕ್ಕೆ ಇಷ್ಟ. ನನ್ನ ಟ್ಯೂಬಿನಲ್ಲಿದ್ದ ಕ್ಲೋಬೆಟಾಸೋಲ್ ಒಂದು ಸ್ಟೀರಾಯ್ಡ್, ಊತ ಮತ್ತು ತುರಿಕೆ ಅಡಗಿಸುವ ಮದ್ದು. ಅದು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಶಿಲೀಂಧ್ರದ ವಿರುದ್ಧ ಜಗಳಕ್ಕಿಳಿದ ನಮ್ಮ ಮೈಯನ್ನೇ ಸುಮ್ಮನಿರಿಸುತ್ತದೆ. ಕೆಂಪು, ತುರಿಕೆ ಎಲ್ಲ ಆ ಜಗಳದ ಗುರುತುಗಳು. ಜಗಳ ನಿಂತಿತು ಎಂದು ನಾವು ಖುಷಿಪಡುತ್ತಿರುವಾಗ ಶಿಲೀಂಧ್ರ ಆರಾಮವಾಗಿ ಹಬ್ಬುತ್ತದೆ, ರೂಪವನ್ನೂ ಬದಲಿಸುತ್ತದೆ. ವೈದ್ಯರು ಇದನ್ನು ಟೀನಿಯಾ ಇನ್‌ಕಾಗ್ನಿಟೊ ಎನ್ನುತ್ತಾರೆ, ವೇಷ ಮರೆಸಿಕೊಂಡ ಹುಳುಕಡ್ಡಿ ಎಂದಿಟ್ಟುಕೊಳ್ಳಿ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಕಾಗದದ ಮೇಲೆ.

ವಾಸಿಯಾಗಲು ಎರಡು ತಿಂಗಳ ಮೇಲೆ ಹಿಡಿಯಿತು. ಹಳೆಯ ಟ್ಯೂಬ್ ಬಿಟ್ಟ ಮೊದಲ ವಾರ ತುರಿಕೆ ಹೆಚ್ಚಾಗಿ ನಿದ್ರೆ ಕೆಟ್ಟಿತು, ಹಾಗಾಗುತ್ತದೆ ಎಂದು ವೈದ್ಯೆ ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಬರಿಯ ಶಿಲೀಂಧ್ರದ ಮುಲಾಮು, ಜೊತೆಗೆ ಮಾತ್ರೆ; ಕಲೆ ಕಾಣದಾದ ಮೇಲೂ ಎರಡು ವಾರ ಮುಂದುವರಿಸಬೇಕು ಎಂದಿದ್ದರು. ಟವೆಲ್ ಬೇರೆ, ಒಳಉಡುಪಿಗೆ ಇಸ್ತ್ರಿ. ಜೀನ್ಸನ್ನು ಮಳೆಗಾಲ ಮುಗಿಯುವವರೆಗೆ ಟ್ರಂಕಿನಲ್ಲಿಟ್ಟು ತೆಳು ಪ್ಯಾಂಟಿಗೆ ಬಂದಿದ್ದೇನೆ.

ಈಗ ನಿಮ್ಮ ಹೊಳೆಯುವ ಮುಖ. ಸ್ಟೀರಾಯ್ಡ್ ಇರುವ ಕ್ರೀಮ್ ಮುಖಕ್ಕೂ ಮೊದಲು ಹೊಳಪೇ ಕೊಡುತ್ತದೆ: ಮೊಡವೆಯ ಊತ ಇಳಿಯುತ್ತದೆ, ಬಣ್ಣ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಕೂದಲು ಬೆಳೆಯಬಹುದು, ಬಿಟ್ಟ ದಿನದಿಂದ ಉರಿ ಮತ್ತು ಹೊಸ ಗುಳ್ಳೆಗಳು. ನಿಮ್ಮದರಲ್ಲಿ ಅದು ಇರಲೇಬೇಕೆಂದಿಲ್ಲ. ನೋಡಬೇಕು, ಅಷ್ಟೇ. ಮುಂಭಾಗದ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆದ ಮೇಲೆ ಕನ್ನಡದ ರೀಲ್ಸ್‌ನವರೂ ‘ಬಿಳಿ’ ಎನ್ನುವುದನ್ನು ಬಿಟ್ಟು ‘ಕಾಂತಿ’ ಎನ್ನುತ್ತಿದ್ದಾರೆ, ಆಸೆ ಅದೇ. ಟ್ಯೂಬನ್ನು ತಿರುಗಿಸಿ, ಮೊಬೈಲ್ ಕ್ಯಾಮೆರಾದಲ್ಲಿ ಸಣ್ಣಕ್ಷರವನ್ನು ಹಿಗ್ಗಿಸಿ ಓದಿ. ಇಂಗ್ಲಿಷ್ ಬರಬೇಕಾಗಿಲ್ಲ, ಅಕ್ಷರ ಕೂಡಿಸಿದರೆ ಸಾಕು. ನಾನು ಒಂದು ಗುರುತು ಮಾಡಿಕೊಂಡಿದ್ದೇನೆ: ಬೆಟಾಮೆಥಾಸೋನ್, ಮೊಮೆಟಾಸೋನ್ ಎಂದು ಕೊನೆಯಲ್ಲಿ ಸೋನೆ ಸುರಿದರೆ, ಇಲ್ಲವೇ ಕ್ಲೋಬೆಟಾಸೋಲ್ ಎಂದು ಸೋಲು ಬಂದರೆ, ಕೈ ತಡೆಯುವುದು. ಕ್ಲೋಟ್ರಿಮಜೋಲ್, ಕೀಟೋಕೊನಜೋಲ್ ಎಂದು ‘ಜೋಲ್’ ಬರುವವು ಶಿಲೀಂಧ್ರದ ಮದ್ದುಗಳು. ನನ್ನ ಟ್ಯೂಬಿನಲ್ಲಿ ಎರಡೂ ಒಟ್ಟಿಗೆ ಇದ್ದವು, ಮೋಸ ಅಲ್ಲೇ. ಇದು ನನ್ನ ಹಳ್ಳಿ ಲೆಕ್ಕ, ಇದಕ್ಕೆ ಹೊರತಾದ ಮದ್ದುಗಳೂ ಇವೆ. ಫಾರ್ಮಸಿ ಓದುವವರು ನಗಬಾರದು.

ಹಾಗಾದರೆ ಕನ್ನಡದ ವಿಡಿಯೊಗಳನ್ನು ನೋಡಲೇಬಾರದೇ? ನಾನು ನೋಡುತ್ತೇನೆ. ಕನ್ನಡದಲ್ಲಿ ಚೆನ್ನಾಗಿ ವಿವರಿಸುವ ಚರ್ಮವೈದ್ಯರಿದ್ದಾರೆ. ಕೊನೆಯಲ್ಲಿ ಕೊಳ್ಳುವ ಕೊಂಡಿ ಕೊಡುತ್ತಾರೋ, ‘ಹೋಗಿ ತೋರಿಸಿ’ ಎನ್ನುತ್ತಾರೋ ಎಂದು ಮಾತ್ರ ಗಮನಿಸುತ್ತೇನೆ. ಇನ್ನೊಂದು ವಿಷಯವೂ ಆಮೇಲೆ ಹೊಳೆಯಿತು. ಒಮ್ಮೆ ಕನ್ನಡದ ವಿಡಿಯೊ ಒಂದರಲ್ಲಿ, ತೆಂಗಿನೆಣ್ಣೆ ಗಟ್ಟಿಯಾದರೆ ಅದು ಕಲಬೆರಕೆ ಎಂದು ಹೇಳಿದ್ದರು. ಅಮ್ಮ ನೋಡಿ ನಕ್ಕುಬಿಟ್ಟರು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ನಮ್ಮ ಮನೆಯ ಎಣ್ಣೆಯ ಬಾಟಲಿ ದಿನಾ ಬೆಳಿಗ್ಗೆ ಬಚ್ಚಲೊಲೆಯ ದಂಡೆಯ ಮೇಲೆ ಕುಳಿತು ಕರಗುತ್ತಿರುತ್ತದೆ. ಡಿಗ್ರಿಯ ಲೆಕ್ಕ ಅಮ್ಮನಿಗೆ ಗೊತ್ತಿಲ್ಲ, ಬಾಟಲಿ ಗೊತ್ತು. ಟ್ಯೂಬಿನ ವಿಷಯದಲ್ಲಿ ಹಾಗೆ ನಗಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಆ ರೀಲಿನ ಕೆಳಗೆ ಅರೆಭಾಷೆಯಲ್ಲೇ ಒಂದು ಟಿಪ್ಪಣಿ ಬರೆದೆ, ನನಗೆ ಆದದ್ದನ್ನೆಲ್ಲ. ಕೀಬೋರ್ಡು ‘ಉಟ್ಟು’ ಎಂಬುದನ್ನು ಮೂರು ಸಲ ‘ಹುಟ್ಟು’ ಎಂದು ತಿದ್ದಿತು. ಆತ ಅದಕ್ಕೆ ಹೃದಯದ ಗುರುತು ಒತ್ತಿದ. ರೀಲ್ ಇನ್ನೂ ಅಲ್ಲೇ ಇದೆ.

ನೀವು ನಾಳೆಯೋ ನಾಡಿದ್ದೋ ಚರ್ಮವೈದ್ಯರ ಹತ್ತಿರ ಹೋಗಿ. ಟ್ಯೂಬನ್ನು ಪೆಟ್ಟಿಗೆಯ ಸಮೇತ ಒಯ್ಯಿರಿ, ನನ್ನ ಹಾಗೆ ಎಸೆಯಬೇಡಿ. ಏನಾಗಿದೆ ಎಂದು ಕೇಳಿದರೆ ಅಲರ್ಜಿ ಎನ್ನಬೇಡಿ. ಇದನ್ನು ಹತ್ತು ದಿನದಿಂದ ಹಚ್ಚುತ್ತಿದ್ದೇನೆ ಎಂಬುದನ್ನೇ ಮೊದಲ ಮಾತಿಗೆ ಹೇಳಿ. ಅದೊಂದು ವಾಕ್ಯ ಹೇಳಲು ನಾನು ನಾಲ್ಕು ತಿಂಗಳು ತೆಗೆದುಕೊಂಡೆ.