ಹೊಸ ಲ್ಯಾಪ್‌ಟಾಪ್‌ಗೆ ವಿಂಡೋಸ್ 7 ಹಾಕಬಹುದಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನಾನು ನಿದ್ದೆಗೆಟ್ಟ ಎರಡು ರಾತ್ರಿ ನೆನಪಾದವು ಸರ್. ಹಿರಿಯೂರಿನಲ್ಲಿ ಡಿಟಿಪಿ (ಕಂಪ್ಯೂಟರ್‌ನಲ್ಲಿ ಪುಟ ಜೋಡಿಸಿ ಅಚ್ಚಿಗೆ ಕೊಡುವ) ಅಂಗಡಿ. ಹಳೇ ಕಂಪ್ಯೂಟರ್ ಕೈಕೊಟ್ಟಿದೆ. 12ನೇ ಜನರೇಶನ್ ಐ5 ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ತಂದಿದ್ದೀರಿ. ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪ್ ಮಾಡುವ ನುಡಿ ಎರಡಕ್ಕೂ ವಿಂಡೋಸ್ 7 ಬೇಕು ಅಂತ ಹಾಕಲು ಹೋದರೆ ‘ಡ್ರೈವರ್ ಇಲ್ಲ’ (ಅಂದರೆ ಯಂತ್ರದ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್ ಇಲ್ಲ) ಅಂತ ನಿಂತುಬಿಡುತ್ತಿದೆ, ಮೌಸೂ ಅಲ್ಲಾಡುತ್ತಿಲ್ಲ. ಇಷ್ಟೇ ಅಲ್ವಾ?

ಆ ಲ್ಯಾಪ್‌ಟಾಪ್‌ಗೆ ನೇರವಾಗಿ ವಿಂಡೋಸ್ 7 ಹಾಕಲು ಹೋಗಬೇಡಿ. ವಿಂಡೋಸ್ 11 ಹಾಗೇ ಇರಲಿ, ಅದರೊಳಗೆ ವರ್ಚುಯಲ್ ಮೆಷಿನ್ (ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್‌ನಿಂದಲೇ ಮಾಡಿದ ಇನ್ನೊಂದು ಕಂಪ್ಯೂಟರ್) ಮಾಡಿ ಅಲ್ಲಿ 7 ಹಾಕಿ.

ನನ್ನದೂ ಡಿಟಿಪಿ ಕೆಲಸವೇ, ದಾವಣಗೆರೆಯ ಚೌಕಿಪೇಟೆ ಹತ್ತಿರ. ಒಂದು ಮದುವೆ ಸೀಸನ್‌ನಲ್ಲಿ ಇದೇ ಹಟ ಹಿಡಿದಿದ್ದೆ. ನನ್ನದು 8ನೇ ಜನರೇಶನ್ ಲ್ಯಾಪ್‌ಟಾಪ್. ಮೌಸ್ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಸೆಟಿಂಗ್ ಪರದೆಯಲ್ಲಿ) ಸರಿಯಾಗಿ ಓಡಾಡುತ್ತಿತ್ತು. ಸೆಟಪ್ ಶುರುವಾದದ್ದೇ ತಡ, ಅದರ ಕೆಂಪು ದೀಪ ಆರಿಹೋಯಿತು. ಪೋರ್ಟ್ ಕೆಟ್ಟಿದೆ ಅಂದುಕೊಂಡು ಮೂರು ಪೋರ್ಟ್ ಬದಲಿಸಿದೆ. ಕೆಟ್ಟದ್ದು ಏನೂ ಇರಲಿಲ್ಲ. ಬಯಾಸ್‌ಗೆ ತನ್ನದೇ ಯುಎಸ್‌ಬಿ ಡ್ರೈವರ್ ಇರುತ್ತದೆ. 2009ರಲ್ಲಿ ಬಂದ ವಿಂಡೋಸ್ 7ಕ್ಕೆ ಈಗಿನ ಪೋರ್ಟ್‌ಗಳ ಯುಎಸ್‌ಬಿ 3 ಅಂದರೆ ಏನಂತಲೇ ಗೊತ್ತಿಲ್ಲ. ಸೆಟಪ್ ತನ್ನ ಕೈಗೆ ಕೆಲಸ ತೆಗೆದುಕೊಂಡ ಕೂಡಲೇ ಮೌಸೂ ಹೋಯಿತು, ಯಾವ ಪೆನ್ ಡ್ರೈವಿನಿಂದ ಶುರುವಾಗಿತ್ತೋ ಆ ಪೆನ್ ಡ್ರೈವೂ ಅದಕ್ಕೆ ಕಾಣದಂತಾಯಿತು. ನಿಮಗೆ ಬರುತ್ತಿರುವ ‘ಡ್ರೈವರ್ ಇಲ್ಲ’ ಕೂಡ ಬಹುಶಃ ಇದೇ.

ಯಾರೋ ತಿದ್ದಿ ಇಟ್ಟಿದ್ದ ಡ್ರೈವರ್ ಹುಡುಕಿ, ಪೆನ್ ಡ್ರೈವಿಗೆ ಸೇರಿಸಿ, ಎರಡನೇ ರಾತ್ರಿ ಹೇಗೋ ಹತ್ತಿಸಿದೆ. (ಅಂಥ ಡ್ರೈವರ್ ಯಾರು ಮಾಡಿದ್ದು, ಒಳಗೆ ಏನಿದೆ ಅಂತ ನೋಡುವ ತಾಳ್ಮೆ ಆಗ ಇರಲಿಲ್ಲ. ಈಗ ನೆನೆಸಿಕೊಂಡರೆ ಭಯ ಆಗುತ್ತದೆ.) ಬೆಳಗ್ಗೆ ಪೇಜ್‌ಮೇಕರ್ ತೆರೆದು ಲಗ್ನಪತ್ರಿಕೆ ನೋಡಿದರೆ ಅಕ್ಷರ ಎಲ್ಲಾ ಅಡ್ಡಡ್ಡ ಹಿಗ್ಗಿವೆ. ಗ್ರಾಫಿಕ್ಸ್ ಡ್ರೈವರ್ ಇಲ್ಲವಲ್ಲ! ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗಿದೆಯೋ ಇಲ್ಲವೋ ಅಂತ ನೋಡಲೂ ಆಗದು. ವೈಫೈ ಇಲ್ಲ, ಟಚ್‌ಪ್ಯಾಡ್ ಇಲ್ಲ, ಬ್ರೈಟ್‌ನೆಸ್ ಕಮ್ಮಿ ಆಗಲ್ಲ. ಮಧ್ಯಾಹ್ನದೊಳಗೆ ಎಲ್ಲಾ ಅಳಿಸಿದೆ.

ನಿಮ್ಮ 12ನೇ ಜನರೇಶನ್‌ನಲ್ಲಿ ಇದು ಇನ್ನೂ ಕಷ್ಟ. ವಿಂಡೋಸ್ 7 ಬೂಟ್ ಆಗಲು ಸಾಮಾನ್ಯವಾಗಿ ಲೆಗಸಿ ಮೋಡ್ (ಹಳೇ ಬಯಾಸ್ ರೀತಿಯ ಬೂಟ್) ಬೇಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಆ ಆಯ್ಕೆಯೇ ಇರುವುದಿಲ್ಲ. ಎನ್‌ವಿಎಂಇ ಎಸ್‌ಎಸ್‌ಡಿ ಅನ್ನುವ ಹೊಸ ಥರದ ಡಿಸ್ಕ್ ಕೂಡ ಅದಕ್ಕೆ ತಾನಾಗಿ ಕಾಣುವುದಿಲ್ಲ. 11ನೇ ಜನರೇಶನ್‌ನಿಂದೀಚೆಗೆ ಇಂಟೆಲ್ ವಿಎಂಡಿ ಅಂತ ಡಿಸ್ಕ್ ನೋಡಿಕೊಳ್ಳುವ ಒಂದು ವ್ಯವಸ್ಥೆ ಬಂದಿದೆ, ಎಷ್ಟೋ ಸಲ ಅದು ಆನ್ ಇದ್ದರೆ ವಿಂಡೋಸ್ 10ರ ಸೆಟಪ್‌ಗೇ ಡಿಸ್ಕ್ ಸಿಗುವುದಿಲ್ಲ. ಹೊಸ ಪ್ರೊಸೆಸರ್‌ಗಳಿಗೆ ಹೊಸ ವಿಂಡೋಸೇ ಬೇಕು ಅಂತ ಮೈಕ್ರೋಸಾಫ್ಟ್ 2016ರಲ್ಲೇ ಹೇಳಿಬಿಟ್ಟಿತ್ತು.

ಒಂದು ಮಾತು. ನಿಮಗೆ ಬೇಕಾಗಿರುವುದು ವಿಂಡೋಸ್ 7 ಅಲ್ಲ, ಪೇಜ್‌ಮೇಕರ್. ಕೆಲವರಿಗೆ ಅದು 11ರಲ್ಲೇ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ (ಹಳೇ ವಿಂಡೋಸ್‌ನಂತೆ ನಟಿಸುವ ಸೆಟಿಂಗ್) ಓಡುತ್ತದೆ, ಮೊದಲು ಅದನ್ನು ನೋಡಿ. ಓಡಿದರೆ ಮುಂದಿನದು ಓದುವುದೇ ಬೇಡ.

ಓಡದಿದ್ದರೆ ವರ್ಚುಯಲ್ ಮೆಷಿನ್ ಮಾಡುವ ವರ್ಚುಯಲ್‌ಬಾಕ್ಸ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಪುಟ ತೆರೆದರೆ ಇದಕ್ಕೆ ಬೇಕಾದ ವರ್ಚುಯಲೈಸೇಶನ್ ಆನ್ ಇದೆಯೋ ಇಲ್ಲವೋ ಅಲ್ಲೇ ಬರೆದಿರುತ್ತದೆ. ಇಲ್ಲದಿದ್ದರೆ ಬಯಾಸ್‌ಗೆ ಹೋಗಿ ಆನ್ ಮಾಡಿ. 32 ಬಿಟ್ ವಿಂಡೋಸ್ 7ಕ್ಕೆ 2 ಜಿಬಿ ರ್‍ಯಾಮ್, 40 ಜಿಬಿ ಡಿಸ್ಕ್ ಕೊಟ್ಟರೆ ಧಾರಾಳವಾಯಿತು. ಯುಎಸ್‌ಬಿ ಕಂಟ್ರೋಲರ್ ಕೇಳಿದಾಗ 2.0 ಆರಿಸಿ, 3.0 ಆರಿಸಿದರೆ ಮತ್ತೆ ಅದೇ ಗೋಳು. ನಿಮ್ಮ ಫಾಂಟ್ ಸಾಫ್ಟ್‌ವೇರ್‌ಗೆ ಡಾಂಗಲ್ ಲಾಕ್ (ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ಓಡುವ ಯುಎಸ್‌ಬಿ ಬೀಗ) ಇದ್ದರೆ ಮೆನುವಿನ ಯುಎಸ್‌ಬಿ ಪಟ್ಟಿಯಲ್ಲಿ ಅದಕ್ಕೆ ಟಿಕ್ ಹಾಕಬೇಕು. ವರ್ಚುಯಲ್‌ಬಾಕ್ಸ್‌ನದೇ ಗೆಸ್ಟ್ ಅಡಿಶನ್ಸ್ ಅನ್ನುವ ಡ್ರೈವರ್‌ಗಳನ್ನು ಒಳಗಿನ 7ಕ್ಕೆ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಪರದೆ ಅಂಗೈ ಅಗಲವೇ ಉಳಿಯುತ್ತದೆ. ಕೆಳಗೆ ಮೂಲೆಯಲ್ಲಿ ಹಸಿರು ಆಮೆ ಕಂಡರೆ ನಿಧಾನ ಓಡುತ್ತಿದೆ ಅಂತ ಅರ್ಥ. ಅದು ಹೋಗಲು ವಿಂಡೋಸ್ 11ರ ಮೆಮೊರಿ ಇಂಟೆಗ್ರಿಟಿ ಥರದ ರಕ್ಷಣೆಯನ್ನು ಆಫ್ ಮಾಡಿ ಅಂತ ಹೇಳುವವರಿದ್ದಾರೆ. ನಾನು ಮಾಡಿಲ್ಲ. ಪೇಜ್‌ಮೇಕರ್‌ಗೆ ಆಮೆ ವೇಗ ಸಾಕು, ಸುಮ್ನೆ ಬಾಗಿಲು ಯಾಕೆ ತೆರೆದಿಡಬೇಕು?

ಪ್ರಿಂಟರ್‌ನ ಚಿಂತೆ ಎಲ್ಲರಿಗೂ ಇರುತ್ತದೆ. ನಾನು ವರ್ಚುಯಲ್ ಮೆಷಿನ್ ಒಳಗಿನಿಂದ ಪ್ರಿಂಟ್ ಕೊಡುವುದೇ ಇಲ್ಲ. ಒಳಗೆ ಒಂದು ಪಿಡಿಎಫ್ ಪ್ರಿಂಟರ್ ಹಾಕಿಕೊಂಡಿದ್ದೇನೆ. ಒಳಗೂ ಹೊರಗೂ ಕಾಣುವ ಶೇರ್ಡ್ ಫೋಲ್ಡರ್‌ಗೆ ಪಿಡಿಎಫ್ ಉಳಿಸಿ, ಹೊರಗೆ 11ರಿಂದ ಟ್ರೇಸಿಂಗ್ ಪೇಪರ್ ಮೇಲೆ ತೆಗೆಯುತ್ತೇನೆ. ಫಾಂಟ್ ಎಂಬೆಡ್ ಆಗಿದೆಯಾ (ಪಿಡಿಎಫ್ ಒಳಗೇ ಸೇರಿದೆಯಾ) ಅಂತ ಮಾತ್ರ ನೋಡಿಕೊಳ್ಳಿ. ಹಳೇ ನುಡಿ ಫಾಂಟ್ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸಿರುತ್ತಾರೆ. ಫಾಂಟ್ ಹೋದರೆ ‘ಕನ್ನಡ’ ಅನ್ನುವುದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರುವ ಎ, ನಡುವೆ ಒಂದು ಪೌಂಡ್ ಗುರುತು ಆಗಿ ಬೀಳುತ್ತದೆ. ಗಂಡಿನ ಮನೆಯವರು ಎದುರಿಗೆ ಕೂತಿರುವಾಗ ಅದನ್ನು ನೋಡುವುದು ಬೇಡ!

ಎಲ್ಲಾ ಸರಿಹೋದ ದಿನ ವರ್ಚುಯಲ್‌ಬಾಕ್ಸ್‌ನಲ್ಲೇ ಆ ಮೆಷಿನ್‌ನ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಕೆಟ್ಟರೆ ಅಲ್ಲಿಗೇ ವಾಪಸ್ ಹೋಗಬಹುದು. ಆಮೇಲೆ ಒಳಗಿನ 7ರ ನೆಟ್‌ವರ್ಕ್ ಕಿತ್ತುಹಾಕಿ. ವಿಂಡೋಸ್ 7ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. ಕ್ರೋಮ್ ಕೂಡ ಅದರಲ್ಲಿ 109ನೇ ಆವೃತ್ತಿಗೇ ಕೊನೆ. ಬ್ಯಾಂಕು, ಜಿಎಸ್‌ಟಿ ಎಲ್ಲಾ ಹೊರಗೆ 11ರಲ್ಲೇ ಮಾಡಿ. ವಿಂಡೋಸ್ 7ರ ಹಳೇ ಸಿಡಿ, ಕೀ ಎರಡೂ ನಿಮ್ಮ ಹತ್ತಿರ ಇದೆ ಅಂದುಕೊಂಡಿದ್ದೇನೆ. ಹಳೇ ಕಂಪ್ಯೂಟರ್ ಜೊತೆ ಬಂದ ಕೀ ಆದರೆ ಇಲ್ಲಿ ಒಪ್ಪದೇ ಹೋಗಬಹುದು.

ಇದೆಲ್ಲಾ ನಾಳೆ ಮಾಡಿದರೂ ನಡೆಯುತ್ತದೆ. ಇವತ್ತು ಮಾಡಬೇಕಾದ್ದು ಬೇರೆ ಇದೆ. ಕೆಟ್ಟ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಬಲ್‌ನಲ್ಲಿ ಹೊಸ ಲ್ಯಾಪ್‌ಟಾಪ್‌ಗೆ ಹಾಕಿ. ಫಾಂಟ್ ಫೋಲ್ಡರ್, ಗಿರಾಕಿಗಳ ಹಳೇ ಫೈಲ್ ಎಲ್ಲಾ ಕಾಪಿ ಮಾಡಿಕೊಳ್ಳಿ. ಟಕ್ ಟಕ್ ಅಂತ ಸದ್ದು ಬಂದರೆ ಕೂಡಲೇ ಆಫ್ ಮಾಡಿ, ಮತ್ತೆ ಮತ್ತೆ ಹಚ್ಚಿ ನೋಡಬೇಡಿ, ಡೇಟಾ ರಿಕವರಿ ಮಾಡುವವರ ಕೈಗೇ ಕೊಡಿ.